ಕಲ್ಲಿನೊಂದಿಗೆ ಹೋದ ದನಿ

ಬೆಟ್ಟದ ಮೇಲೆ ದೇವರಿಗೆ ಮನೆ ಕಟ್ಟಬೇಕೆಂದು ಅರಸ ಅಪ್ಪಣೆ ಕೊಟ್ಟ ಮೇಲೆ ನಮ್ಮೂರಿನ ಜನ ಒಬ್ಬೊಬ್ಬರಾಗಿ ಮೂಕರಾದರು. ಆ ಮನೆಯ ಹತ್ತಿರ ಸುತ್ತಿಗೆಯ ಸದ್ದು ಕೇಳಿಸಕೂಡದು, ಉಳಿಯ ಸದ್ದು ಕೇಳಿಸಕೂಡದು, ಕಲ್ಲಿನ ಮೇಲೆ ಕಲ್ಲು ಕೂರುವಾಗಲೂ ಸದ್ದಾಗಕೂಡದು ಎಂಬ ಕಟ್ಟಳೆಯಿತ್ತು. ಕಲ್ಲೆಲ್ಲ ನಮ್ಮ ಗಣಿಯದೇ. ಇಲ್ಲಿಯೇ ಸೀಳಿ, ಇಲ್ಲಿಯೇ ಕೆತ್ತಿ, ಮರಳು ಹಾಕಿ ತಿಕ್ಕಿ ನುಣುಪು ಮಾಡಿ, ಎತ್ತು ಹೂಡಿದ ಮರದ ಜಾರುಬಂಡಿಯ ಮೇಲೆ ಬೆಟ್ಟದ ಪಟ್ಟಣಕ್ಕೆ ಸಾಗಿಸುತ್ತಿದ್ದೆವು. ಪ್ರತಿಯೊಂದು ದೊಡ್ಡ ಕಲ್ಲಿನ ಜೊತೆ ಊರಿನ ಒಬ್ಬರು ಅದರ ಮೇಲೆ ಅಂಗೈಯಿಟ್ಟುಕೊಂಡು ಕೊನೆಯವರೆಗೂ ನಡೆದುಹೋಗಬೇಕಾಗಿತ್ತು. ಆಗ ಕಲ್ಲು ಗೋಡೆಯಲ್ಲಿ ಹತ್ತಿಯ ಮೂಟೆಯಂತೆ ಸದ್ದಿಲ್ಲದೆ ಕೂರುತ್ತಿತ್ತು. ಜೊತೆಗೆ ಹೋದವರು ಮರುದಿನ ಸಂಜೆ ದನಿಯಿಲ್ಲದೆ ಹಿಂದಿರುಗುತ್ತಿದ್ದರು.

ಮನೆ ಪೂರ್ತಿಯಾಗಿ ಪ್ರತಿಷ್ಠೆ ನಡೆದಾಗ ಕೊಟ್ಟವರ ದನಿ ಕೊಟ್ಟವರಿಗೆ ಸಿಗುತ್ತದೆ ಎಂದು ಲೇವಿಯರು ಮಾತು ಕೊಟ್ಟಿದ್ದರು. ಲೇವಿಯರೆಂದರೆ ದೇವರ ಸೇವೆಗೇ ಮೀಸಲಾದ ಕುಲದವರು. ಅವರ ಮಾತನ್ನು ನಂಬದೆ ಇನ್ನಾರ ಮಾತನ್ನು ನಂಬುವುದು? ಪ್ರತಿ ಮನೆಯಿಂದ ಒಬ್ಬರೆಂದು, ಸರದಿಗೆ ಚೀಟಿ ಹಾಕುವುದೆಂದು ನಿಶ್ಚಯವಾಯಿತು. ಚೀಟಿ ಬಿದ್ದ ಮನೆಯವರು ತಾವೇ ಕೂತು ಮಾತಾಡಿಕೊಂಡು ಯಾರು ಹೋಗುವುದೆಂದು ತೀರ್ಮಾನಿಸುತ್ತಿದ್ದರು.

ಮೊದಮೊದಲು ಅಳುವೋ ಅಳು. ಆಮೇಲೆ ರೂಢಿಯಾಯಿತು. ಮೂಕರಾದವರು ಸೊಂಟಕ್ಕೆ ಎರಡು ಮರದ ಚೂರು ಕಟ್ಟಿಕೊಂಡು, ಕರೆಯಬೇಕಾದಾಗ ಬಡಿಯುತ್ತಿದ್ದರು. ಹಾಲು ಕುಡಿಯುವ ಕೂಸಿನ ತಾಯಿ ಮೂಕಿಯಾದರೆ ಪಕ್ಕದ ಮನೆಯವಳು ಸಂಜೆ ಬಂದು ಜೋಗುಳ ಹಾಡಿ ಹೋಗುವಳು. ಎರವಲು ತಂದ ಹಿಟ್ಟಿನಂತೆ ಅದಕ್ಕೂ ಒಂದು ಲೆಕ್ಕ, ಒಂದು ಮುನಿಸು. ಉಪ್ಪಿಗೆ, ನೀರಿಗೆ, ಎತ್ತಿಗೆ, ಹೊಟ್ಟೆನೋವಿಗೆ ಬೇರೆ ಬೇರೆ ಕೈಸನ್ನೆಗಳು ಹುಟ್ಟಿಕೊಂಡವು. ಗಂಡ ಹೆಂಡಿರ ಜಗಳ ನಿಲ್ಲಲಿಲ್ಲ. ಮಡಕೆಗಳು ಹೆಚ್ಚು ಒಡೆದವು, ಅಷ್ಟೆ.

ಹೋಗುವವರ ಕೊನೆಯ ಮಾತು ಕೇಳುವುದಕ್ಕೆ ಊರೆಲ್ಲ ಗಣಿಯ ಇಳಿಜಾರಿನಲ್ಲಿ ಸೇರುತ್ತಿತ್ತು. ಕೆಲವರು ದಿನಗಟ್ಟಲೆ ಯೋಚಿಸಿ ಚೆಂದದ ಮಾತೊಂದನ್ನು ಹೊಂದಿಸಿಕೊಂಡು ಬಂದು, ಕಲ್ಲಿನ ಮೇಲೆ ಕೈಯಿಡುವ ಗಳಿಗೆಯಲ್ಲಿ ಅದನ್ನು ಮರೆತು ಏನೋ ಒಂದು ಅಂದುಬಿಡುತ್ತಿದ್ದರು. ನನ್ನ ನೆರೆಯವಳು ಹೊಗ್ಲಾಳ ತಮ್ಮ ಶಾಮೀರ ಹೋದಾಗ ಅವನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಅಪ್ಪ ಅಮ್ಮ ಇಲ್ಲದ ಮನೆ. ಹೊಗ್ಲಾಳ ಗಂಡ ಕುರುಡ, ಅವನಿಗೆ ದಾರಿ ಹೇಳುವುದಕ್ಕೆ ಹೊಗ್ಲಾಳ ದನಿ ಬೇಕೇ ಬೇಕು. ಹಾಗಾಗಿ ಶಾಮೀರನೇ ಹೊರಟ. "ಅಕ್ಕಾ, ನನ್ ಪಾಲಿನ ಅಂಜೂರ ಹಾಗೇ ಇಟ್ಟಿರು, ಯಾರಿಗೂ ಕೊಡ್ಬೇಡ" ಅಂದ. ಜನ ನಕ್ಕರು. ಹೊಗ್ಲಾ ಒಣಗಿದ ಅಂಜೂರವನ್ನು ಸರ ಪೋಣಿಸಿ ತೊಲೆಗೆ ಕಟ್ಟಿದಳು. ಮರುದಿನ ಅವನು ಬಂದು, ಅದನ್ನು ಕಿತ್ತು, ಅಂಗಳದಲ್ಲಿ ಒಬ್ಬನೇ ಕೂತು ತಿಂದ.

ನಮ್ಮ ಮನೆಗೆ ಚೀಟಿ ಬೀಳುವ ಮುಂಚೆ ನಮಗೊಬ್ಬಳು ಮಗಳಿದ್ದಳು. ಕೆಚೀಯ ಅಂತ ಹೆಸರು. ನನ್ನ ಗಂಡ ಹೇಲೆಮ ಕಲ್ಲು ಸೀಳುವವನು. ಬಂಡೆಯ ಮೈ ತಡವಿ ಬಿರುಕು ಎತ್ತ ಹೋಗುತ್ತದೆಂದು ಹೇಳುತ್ತಿದ್ದ. ಮನೆಗೆ ಬಂದರೆ ಮಗಳನ್ನು ಹೆಗಲಿನಿಂದ ಇಳಿಸುತ್ತಿರಲಿಲ್ಲ. ಅವನ ಗಡ್ಡದಲ್ಲಿ ಕೂತ ಸುಣ್ಣಕಲ್ಲಿನ ಹಿಟ್ಟನ್ನು ಅವಳು ಊದಿ ಹಾರಿಸುತ್ತಿದ್ದಳು. ನಮ್ಮ ಹಿತ್ತಲಲ್ಲಿ ಮಳೆನೀರು ಹಿಡಿಯುವ ಬಾವಿಯೊಂದಿದೆ; ಬಂಡೆಯಲ್ಲಿ ಕೊರೆದದ್ದು, ಮೇಲೆ ಕಿರಿದಾದ ಬಾಯಿ, ಒಳಗೆ ಗುಡಾಣದಂಥ ಹೊಟ್ಟೆ. ಬಾರ್ಲಿ ಕೊಯ್ಲಿನ ಸಮಯದ ಒಂದು ಬೆಳಿಗ್ಗೆ ನಾನು ಹಿಟ್ಟು ನಾದುತ್ತಿದ್ದೆ. ಮಗು ಅಂಗಳದಲ್ಲಿ ಆಡುತ್ತಿತ್ತು. ಆಮೇಲೆ ಅಂಗಳದಲ್ಲಿ ಇರಲಿಲ್ಲ. ಬಾವಿಯ ಮುಚ್ಚಳ ಪಕ್ಕಕ್ಕೆ ಸರಿದಿತ್ತು.

ಆ ಬೆಳಿಗ್ಗೆ ನಾನೂ ನೀರು ಸೇದಿದ್ದೆ, ಎತ್ತಿಗೆ ಕುಡಿಸಲು ಅವನೂ ಸೇದಿದ್ದ. ಮೊದಲು ಯಾರು, ಆಮೇಲೆ ಯಾರು ಎಂದು ನಾನು ಎಷ್ಟು ಸಲ ನೆನಪು ಮಾಡಿಕೊಂಡೆನೋ. ನೆನೆದಂತೆಲ್ಲ ಒಂದು ಸಲ ಮುಚ್ಚಿದಂತೆ, ಒಂದು ಸಲ ತೆರೆದಿಟ್ಟಂತೆ ಕಾಣಿಸುತ್ತದೆ. ಇವತ್ತಿಗೂ ನನಗೆ ಗೊತ್ತಿಲ್ಲ.

ಸೂತಕ ಕಳೆಯುವಷ್ಟರಲ್ಲಿ ಚೀಟಿ ಬಿತ್ತು. ನಾನು ಹೋಗುತ್ತೇನೆಂದೆ. ನನಗೆ ಆಡುವುದಕ್ಕೆ ಯಾವ ಮಾತೂ ಉಳಿದಿರಲಿಲ್ಲ. ದನಿ ಹೋದರೆ ಜನರ ಸಾಂತ್ವನಕ್ಕೆ ಉತ್ತರ ಕೊಡುವುದಾದರೂ ತಪ್ಪುತ್ತದೆ ಅನ್ನಿಸಿತ್ತು. ಆದರೆ ಕಲ್ಲು ಹೊರಡುವ ಬೆಳಿಗ್ಗೆ ನಾನು ಇಳಿಜಾರಿಗೆ ಹೋದಾಗ ಹೇಲೆಮ ಆಗಲೇ ಜಾರುಬಂಡಿಯ ಪಕ್ಕ ನಿಂತಿದ್ದ.

"ಸರಿ ಆಚೆ. ಹೋಗೋಳು ನಾನು" ಅಂದೆ.

"ನೀನು ಮನೇಲಿರು."

"ಯಾವ ಮನೇಲಿ? ಆ ಬಾವಿ ನೋಡ್ಕೊಂಡು ಕೂತಿರ್ಲಾ?"

ಊರಿನ ಹಿರಿಯ ಯೆಕಮ್ಯ ಮಧ್ಯೆ ಬಂದ. "ಜಗಳ ಬೇಡ ಕಣ್ರಪ್ಪ. ಇದು ದೇವರ ಕಲ್ಲು. ಹೇಲೆಮ, ಒಂದು ಒಳ್ಳೇ ಮಾತಾಡಿ ಹೊರಡು" ಎಂದ. ನಾನು ಕೇಳಲಿಲ್ಲ. ಹೇಲೆಮನ ತೋಳು ಹಿಡಿದು ಎಳೆದೆ. "ಒಂದು ಸಲವಾದ್ರೂ ನನ್ನ ಮುಖ ನೋಡಿ ಮಾತಾಡು. ಅವತ್ತಿನಿಂದ ನೀನು ನನ್ನ ಮುಖ ನೋಡಿಲ್ಲ" ಎಂದೆ.

ಆಗ ನೋಡಿದ. ನೋಡಿ, "ಮಗೂನ ಕೊಂದೋಳು ನೀನು" ಅಂದ. ಅಂದು ಕಲ್ಲಿನ ಮೇಲೆ ಕೈಯಿಟ್ಟ.

ಎತ್ತುಗಳು ಹೊರಟವು. ಊರೆಲ್ಲ ಕೇಳಿಸಿಕೊಂಡಿತ್ತು. ಯಾರೂ ನಗಲಿಲ್ಲ, ಯಾರೂ ನನ್ನ ಹತ್ತಿರ ಬರಲಿಲ್ಲ. ಹೊಗ್ಲಾ ಮಾತ್ರ ನನ್ನ ತಲೆಯ ಮೇಲಿನ ಬಟ್ಟೆ ಸರಿಮಾಡಿ, ಕೈಹಿಡಿದು ಮನೆಗೆ ಕರೆತಂದಳು.

ಮರುದಿನ ಅವನು ಹಿಂದಿರುಗಿದ. ಅಲ್ಲಿಂದ ಮುಂದಿನ ವರುಷಗಳನ್ನು ಹೇಗೆ ಹೇಳಲಿ? ಅವನಿಗೆ ದನಿಯಿರಲಿಲ್ಲ. ನನಗಿತ್ತು, ಆದರೆ ಅವನೊಡನೆ ನಾನು ಮಾತಾಡಲಿಲ್ಲ. ಕೈಕಟ್ಟಿ ಹಾಕಿದವನನ್ನು ಹೊಡೆಯುವುದು ಹೇಗೆ? ಅವನಿಗೆ ದನಿ ಬರಲಿ, ಆಮೇಲೆ ಕೇಳುತ್ತೇನೆ ಎಂದು ಕಾದೆ. ಆ ಮಾತನ್ನು ನಿಜವಾಗಿ ನಂಬಿ ಅಂದದ್ದೋ, ಸಂಕಟಕ್ಕೆ ಅಂದದ್ದೋ ಎಂದು ಕೇಳಬೇಕಿತ್ತು. ಸನ್ನೆಗಳು ಬೇಕಾದಷ್ಟಿದ್ದವು. ಹಾಗೆ ಅನ್ನಬಾರದಿತ್ತು ಎಂಬುದಕ್ಕೆ ಸನ್ನೆಯಿರಲಿಲ್ಲ. ಇದ್ದಿದ್ದರೆ ಅವನು ಮಾಡುತ್ತಿದ್ದನೋ ಇಲ್ಲವೋ, ಅದೂ ಗೊತ್ತಿಲ್ಲ.

ಬಂದ ಹೊಸದರಲ್ಲೇ ಅವನು ಬಾವಿಗೊಂದು ಹೊಸ ಮುಚ್ಚಳ ಕೆತ್ತಿದ. ಒಬ್ಬರಿಂದ ಎತ್ತಲಾಗದಷ್ಟು ಭಾರದ ಕಲ್ಲು. ಅವನೊಬ್ಬನಿಂದಲೂ ಆಗುತ್ತಿರಲಿಲ್ಲ. ನೀರು ಬೇಕೆಂದರೆ ಅವನು ಒಂದು ಕಡೆ, ನಾನು ಒಂದು ಕಡೆ ಬಗ್ಗಿ ಹಿಡಿದು ಸರಿಸಬೇಕು. ಸೇದಿಯಾದ ಮೇಲೆ ಮತ್ತೆ ಇಬ್ಬರೂ ಸೇರಿ ಮುಚ್ಚಬೇಕು. ಬೆಳಿಗ್ಗೆ ಸಂಜೆ ಹೀಗೆ ತಲೆಗೆ ತಲೆ ತಾಗುವಷ್ಟು ಹತ್ತಿರ ಬಗ್ಗುತ್ತಿದ್ದೆವು. ಅವನ ಉಸಿರು ಕೇಳಿಸುತ್ತಿತ್ತು. ನನ್ನ ಮೇಲೆ ನಂಬಿಕೆಯಿಲ್ಲದೆ ಹೀಗೆ ಮಾಡಿದನೋ, ತನ್ನ ಮೇಲೆಯೇ ನಂಬಿಕೆಯಿಲ್ಲದೆಯೋ ಎಂದು ಕಲ್ಲು ಎತ್ತುವಾಗಲೆಲ್ಲ ಯೋಚಿಸುತ್ತಿದ್ದೆ.

ದೇವರ ಮನೆ ಪೂರ್ತಿಯಾಯಿತೆಂಬ ಸುದ್ದಿ ದ್ರಾಕ್ಷಿಯ ಕೊಯ್ಲು ಮುಗಿದ ಮೇಲೆ ಬಂತು. ಒಳಗೋಡೆಗೆಲ್ಲ ದೇವದಾರು ಹಲಗೆ ಹೊದಿಸಿ ಅದರ ಮೇಲೆ ಬಂಗಾರ ಹೊದಿಸಿದ್ದಾರಂತೆ, ಒಂದು ಕಲ್ಲೂ ಕಾಣಿಸುವುದಿಲ್ಲವಂತೆ ಎಂದರು. ಕಲ್ಲು ಕಾಣಿಸದಿದ್ದರೆ ತಮ್ಮದು ಯಾವುದೆಂದು ಹುಡುಕುವುದು ಹೇಗೆ ಎಂದು ನಮ್ಮವರು ಗಾಬರಿಯಾದರು. ಹೊರಗೋಡೆ ಹಾಗೆಯೇ ಇದೆ, ಎಲ್ಲಿ ಮುಟ್ಟಿದರೂ ಸಾಕು ಎಂದು ಲೇವಿಯರು ಹೇಳಿಕಳಿಸಿದರು. ಊರಿಗೆ ಊರೇ ಹೊರಟಿತು. ಬುತ್ತಿ ಕಟ್ಟುತ್ತಿದ್ದಾಗ ಹೊಗ್ಲಾ ಬಂದು ನನ್ನ ಪಕ್ಕ ಕೂತಳು.

"ಅವನ ದನಿ ಬಂದ ಕೂಡ್ಲೇ ನೀನು ರೇಗ್ಬೇಡ ನಾರಾ. ಸ್ವಲ್ಪ ಅವನಿಗೂ ಆಡೋಕೆ ಬಿಡು."

"ಅವನು ಆಡ್ಲಿ ಅಂತಾನೇ ಇಷ್ಟು ವರ್ಷ ಕಾದಿದ್ದು."

"ಏನಂತಾನೆ ಅಂದ್ಕೊಂಡಿದ್ದೀಯ?"

ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿದೆ.

ಪ್ರತಿಷ್ಠೆಯ ದಿನ ಆ ಬೆಟ್ಟದ ಮೇಲೆ ಕಾಲಿಡಲು ಜಾಗವಿರಲಿಲ್ಲ. ಕುರಿ, ಎತ್ತುಗಳನ್ನು ಎಣಿಸುವುದನ್ನೇ ಬಿಟ್ಟಿದ್ದರು. ಬಲಿಪೀಠದ ರಕ್ತ ಕಾಲುವೆಯಾಗಿ ಹರಿಯುತ್ತಿತ್ತು, ಹೊಗೆಯಿಂದ ಕಣ್ಣು ಬಿಡಲಾಗುತ್ತಿರಲಿಲ್ಲ. ದೇವರ ಕಟ್ಟಳೆ ಕೆತ್ತಿದ ಕಲ್ಲಿನ ಹಲಗೆಗಳಿದ್ದ ಪೆಟ್ಟಿಗೆಯನ್ನು, ಒಡಂಬಡಿಕೆಯ ಮಂಜೂಷವನ್ನು, ಹೊತ್ತ ಯಾಜಕರು ನಮ್ಮ ಮುಂದೆಯೇ ಹಾದುಹೋದರು. ಉದ್ದನೆಯ ದಂಡಿಗೆಗಳು, ನೀಲಿ ಬಟ್ಟೆ, ಇಷ್ಟೇ ನಾನು ಕಂಡದ್ದು. ಅವರು ಅದನ್ನು ಒಳಗಿಟ್ಟು ಹೊರಬರುವಷ್ಟರಲ್ಲಿ ತುತೂರಿಗಳು ಮೊಳಗಿದವು, ಮನೆಯ ಬಾಗಿಲಿನಿಂದ ಮೋಡ ಹೊರಗೆ ಚೆಲ್ಲಿತು. ಹೊಗೆಯಲ್ಲ, ಮೋಡ. ತಣ್ಣಗಿತ್ತು. ಯಾಜಕರು ಅದರೊಳಗೆ ನಿಲ್ಲಲಾರದೆ ಗೋಡೆ ತಡವಿಕೊಂಡು ಆಚೆ ಬಂದರು. ಅರಸ ಎತ್ತರದ ಕಟ್ಟೆಯ ಮೇಲೆ ಮೊಣಕಾಲೂರಿ, ಕೈಗಳನ್ನು ಆಕಾಶಕ್ಕೆ ಚಾಚಿ ಬಹಳ ಹೊತ್ತು ಪ್ರಾರ್ಥಿಸಿದ. ಏನು ಬೇಡಿದನೋ, ನಾವು ನಿಂತಿದ್ದ ಕಡೆಗೆ ಕೇಳಿಸಲಿಲ್ಲ. ಮುಂದಿದ್ದವರು ಅಡ್ಡಬಿದ್ದರು, ನಾವೂ ಬಿದ್ದೆವು. ನೆಲಕ್ಕೆ ಹಣೆಯಿಟ್ಟಾಗ ನನ್ನ ಪಕ್ಕದಲ್ಲಿ ಹೇಲೆಮನ ಕೈ ಕಂಡಿತು. ಹೆಬ್ಬೆರಳಿನ ಉಗುರು ಯಾವಾಗಲೋ ಜಜ್ಜಿ ಕಪ್ಪಾಗಿತ್ತು. ಯಾವಾಗ ಜಜ್ಜಿಕೊಂಡನೋ ನನಗೆ ತಿಳಿದೇ ಇರಲಿಲ್ಲ.

ಹಬ್ಬದ ಕೊನೆಯ ದಿನ ನಮ್ಮೂರಿನವರನ್ನು ಕರೆದರು. ಬಡಗಣ ಗೋಡೆಯ ಉದ್ದಕ್ಕೂ ಸಾಲು ನಿಂತಿತು. ಮೂಕರು ಒಬ್ಬೊಬ್ಬರಾಗಿ ಹೋಗಿ ಗೋಡೆಗೆ ಅಂಗೈಯಿಡಬೇಕು. ಅವರ ಮನೆಯವರು ಹಿಂದೆ ನಿಂತಿರಬಹುದು. ಮೊದಲು ಹೋದವನು ಶಾಮೀರ. ಈಗ ಅವನಿಗೆ ಎದೆಯವರೆಗೆ ಗಡ್ಡ, ಅಗಲವಾದ ಹೆಗಲು. ಕೈಯಿಟ್ಟ. ಬಾಯಿ ತೆರೆಯಿತು. "ಅಕ್ಕಾ, ನನ್ ಪಾಲಿನ ಅಂಜೂರ ಹಾಗೇ ಇಟ್ಟಿರು, ಯಾರಿಗೂ ಕೊಡ್ಬೇಡ" ಎಂದು ಪುಟ್ಟ ಹುಡುಗನ ಎಳೆಯ ದನಿ ಹೊರಬಂತು.

ಜನ ಘೊಳ್ಳೆಂದು ನಕ್ಕರು. ಶಾಮೀರ ಗಂಟಲು ಹಿಡಿದುಕೊಂಡು ಕಣ್ಣು ಪಿಳುಕಿಸಿದ. ಹೊಗ್ಲಾ ನಗುತ್ತ ನಗುತ್ತ ಅಳತೊಡಗಿದಳು. ಅವಳ ಕುರುಡ ಗಂಡ, "ಯಾರು ಈ ಹುಡುಗ? ನಮ್ ಶಾಮೀರ ಎಲ್ಲಿ?" ಎಂದು ಗಾಳಿಯಲ್ಲಿ ಕೈಯಾಡಿಸಿದ.

ಆಗ ನಮಗೆ ತಿಳಿಯಿತು. ಬಿಟ್ಟುಹೋದ ಕಡೆಯಿಂದಲೇ ದನಿ ಮರಳುತ್ತದೆ. ಕೊನೆಗೆ ಆಡಿದ್ದೇ ಮೊದಲು ಬರುತ್ತದೆ. ಎರಡನೆಯವಳು ಸಾಲಿನಲ್ಲೇ ಎಲ್ಲರಿಗಿಂತ ಹಿರಿಯ ಮುದುಕಿ. ಅವಳು ಹೋದಾಗ ಅವಳ ಗಂಡ ಬದುಕಿದ್ದ. ಕೈಯಿಟ್ಟೊಡನೆ, "ನಾಳೆ ಕತ್ತಲಾಗೋದ್ರೊಳಗೆ ಬರ್ತೀನಿ, ಬಾಗಿಲು ಹಾಕ್ಕೋಬೇಡ" ಎಂದು ಅಂದಿನ ಗಟ್ಟಿ ದನಿಯಲ್ಲಿ ಹೇಳಿದಳು. ಹೇಳಿ ಪಕ್ಕಕ್ಕೆ ತಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಯಾರೂ ನಗಲಿಲ್ಲ. ಆಮೇಲೆ ಒಬ್ಬೊಬ್ಬರೂ ಕೈಯಿಡುತ್ತ ಹೋದರು. ಸತ್ತವರಿಗೆ ಹೇಳಿದ ಮಾತುಗಳು, ಬೇರೆ ಊರಿಗೆ ಮದುವೆಯಾಗಿ ಹೋದವರಿಗೆ ಹೇಳಿದ ಮಾತುಗಳು, ಬಾಯಿಪಾಠ ಮಾಡಿದ ಚೆಂದದ ಮಾತುಗಳು, ಒಬ್ಬನ ಬಾಯಿಂದ ಬರೀ ಕೆಮ್ಮು. ಒಂದು ಸಲ ಅದು ಬಂದುಹೋದರೆ ಸಾಕು, ಆಮೇಲೆ ಮಾತು ನೀರಿನಂತೆ ಹರಿಯುತ್ತಿತ್ತು. ಗದ್ದಲವೋ ಗದ್ದಲ. ಅಷ್ಟು ವರುಷ ಕಟ್ಟಿಕೊಂಡಿದ್ದ ಮಾತೆಲ್ಲ ಒಟ್ಟಿಗೆ ಒಡೆದಿತ್ತು.

ಹೇಲೆಮನ ಸರದಿ ಬಂತು. ನಾನು ಅವನ ಹಿಂದೆ ನಿಂತೆ.

ಅವನು ಗೋಡೆಯ ಹತ್ತಿರ ಹೋಗಿ ಕೈ ಎತ್ತಿದ. ಅಂಗೈಗೂ ಕಲ್ಲಿಗೂ ಎಳೆಯಷ್ಟು ಅಂತರವಿತ್ತು. ಪಕ್ಕದಿಂದ ನನಗೆ ಅವನ ಮುಖ ಕಾಣುತ್ತಿತ್ತು. ಅವನ ತುಟಿಗಳು ತಾವಾಗಿಯೇ ಒಂದಕ್ಕೊಂದು ಕೂಡಿದವು, ಮಗು ಎಂಬ ಮಾತಿನ ಮೊದಲ ಅಕ್ಷರಕ್ಕೆ ಕೂಡುವಂತೆ. ಕಾದ ಹೆಂಚು ಮುಟ್ಟಿದವನ ಹಾಗೆ ಕೈಯನ್ನು ಹಿಂದಕ್ಕೆಳೆದುಕೊಂಡ.

"ಇಡು" ಎಂದೆ. ಅವನು ದನಿ ಕೊಟ್ಟು ಬಂದ ಮೇಲೆ ಅವನಿಗೆ ನಾನಾಡಿದ ಮೊದಲ ಮಾತು ಅದು.

ಅವನು ಬೇಡವೆಂದು ತಲೆಯಾಡಿಸಿದ.

"ಆ ಮಾತು ಬರುತ್ತೆ ಅಂತಾನಾ? ಬರ್ಲಿ. ನಾನು ಅದನ್ನ ದಿನಾ ಕೇಳ್ತಾನೇ ಇದ್ದೀನಿ, ಇನ್ನೊಂದ್ಸಲ ಕೇಳಿದ್ರೆ ಸತ್ತುಹೋಗಲ್ಲ. ಅದು ಮುಗಿದ್ಮೇಲೆ ಬೇರೆ ಮಾತಾಡು. ಯಾವುದಾದ್ರೂ ಸರಿ. ಹಸಿವಾಗ್ತಿದೆ ಅನ್ನು. ಬಿಸಿಲು ಜಾಸ್ತಿ ಅನ್ನು."

ಅವನು ಮತ್ತೆ ತಲೆಯಾಡಿಸಿದ. ಹಿಂದಿದ್ದವರು ನೂಕತೊಡಗಿದರು. ಗೋಡೆಯ ಬಳಿ ನಿಂತಿದ್ದ ಲೇವಿಯ ಬೆವರು ಒರೆಸಿಕೊಳ್ಳುತ್ತ, "ಇಡೋದಾದ್ರೆ ಬೇಗ ಇಡಣ್ಣ. ಇವತ್ತು ತಪ್ಪಿದ್ರೆ ಇಲ್ಲ. ಆಮೇಲೆ ಈ ಗೋಡೆ ಯಾರದ್ದನ್ನೂ ವಾಪಸ್ ಕೊಡಲ್ಲ" ಎಂದ. ಹಿರಿಯ ಯೆಕಮ್ಯ ಕೋಲೂರಿಕೊಂಡು ಬಂದ. "ಮಾತು ಆಡಿದ್ರೆ ಹೋಯ್ತು ಮುತ್ತು ಒಡೆದ್ರೆ ಹೋಯ್ತು ಅಂತಾರೆ, ನಿಜ. ಆದ್ರೆ ಅದಕ್ಕೋಸ್ಕರ ಯಾರಾದ್ರೂ ಬಾಯನ್ನೇ ಬಿಟ್ಕೊಡ್ತಾರಾ? ಇಡೋ ಮಾರಾಯ" ಎಂದು ಗದರಿದ.

ಹೇಲೆಮ ಯಾರ ಕಡೆಗೂ ನೋಡಲಿಲ್ಲ. ನನ್ನ ಕಡೆಗೆ ತಿರುಗಿದ. ಗೋಡೆಗೆ ಇಡಬೇಕಾಗಿದ್ದ ಅಂಗೈ ನನ್ನ ಕೆನ್ನೆಗೆ ಬಂತು. ಮರಳುಗಲ್ಲಿನಂತೆ ಒರಟಾದ ಅಂಗೈ. ಎಷ್ಟು ವರುಷಗಳ ಮೇಲೆ ಅವನು ನನ್ನನ್ನು ಮುಟ್ಟಿದ್ದ. ನಾನು ಆ ಕೈಯನ್ನು ತಳ್ಳಿಬಿಟ್ಟೆ. ಅವನು ಸಾಲು ಬಿಟ್ಟು ಹೊರಗೆ ನಡೆದ, ಅವನ ಜಾಗಕ್ಕೆ ಹಿಂದಿನವನು ನುಗ್ಗಿದ.

ಸಂಜೆಗೆ ಮುಂಚೆಯೇ ನಾನು ಊರಿನ ದಾರಿ ಹಿಡಿದೆ. ಅವನು ಹಿಂದೆ ಬರುತ್ತಿದ್ದ. ದಾರಿಯುದ್ದಕ್ಕೂ ನಮ್ಮೂರಿನವರು ಗುಂಪು ಗುಂಪಾಗಿ ಹರಟುತ್ತ, ಹಾಡುತ್ತ, ಕಾರಣವಿಲ್ಲದೆ ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುತ್ತ ನಮ್ಮನ್ನು ದಾಟಿ ಹೋದರು. ಶಾಮೀರ ತನ್ನ ಎಳೆಯ ದನಿಯಲ್ಲಿ ಭಾವನಿಗೆ ದಾರಿಯ ಕಲ್ಲು ಮುಳ್ಳು ಹೇಳುತ್ತಿದ್ದ. ನೀರಿನ ಒರತೆಯ ಹತ್ತಿರ ಎಲ್ಲರೂ ಮುಂದೆ ಹೋಗಿ ನಾವಿಬ್ಬರೇ ಉಳಿದೆವು. ಅಲ್ಲಿ ನನ್ನ ಬಾಯಿ ತೆರೆಯಿತು.

"ನಿಂಗೇನು, ಸುಲಭ ಆಯ್ತು" ಎಂದೆ. "ನಾನು ಇಷ್ಟು ವರ್ಷ ಕಾದದ್ದು ಗೋಡೆಗೆ ಹೋಯ್ತು. ನೀನು ಆ ಮಾತು ಆಡದಿದ್ರೆ ಅದು ಇಲ್ಲ ಅಂತ ಆಗುತ್ತಾ? ದೇವರ ಮನೇಲೇ ಕೂತಿದೆ ಅದು. ಮೇಲೆ ಬಂಗಾರ ಬೇರೆ." ಹಾಗೆ ಶುರುವಾದದ್ದು ನಿಲ್ಲಲಿಲ್ಲ. ಬೈದೆ. ಶಪಿಸಿದೆ. ಮಗಳ ಹೆಸರು ಹಿಡಿದು ಅತ್ತೆ. ಆ ಬೆಳಿಗ್ಗೆ ಹಿಟ್ಟು ನಾದುತ್ತಿದ್ದಾಗ ಅವಳು ಒಳಗೆ ಬಂದು ಹಸಿ ಹಿಟ್ಟು ಕೇಳಿದ್ದನ್ನು, ನಾನು ಕೊಡದೆ ಅಂಗಳಕ್ಕೆ ಅಟ್ಟಿದ್ದನ್ನು ಹೇಳಿದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ತಿರುಗಿ ನೋಡಿದಾಗ ಹೇಲೆಮ ದಾರಿಯ ಮಧ್ಯೆ ಕುಕ್ಕರಿಸಿ ಕೂತಿದ್ದ. ತನ್ನ ಎದೆ ಮುಟ್ಟಿಕೊಂಡ, ನೀರು ಸೇದುವ ಸನ್ನೆ ಮಾಡಿದ, ಮುಚ್ಚುವ ಸನ್ನೆಗೆ ಕೈ ತಂದು ಅರ್ಧಕ್ಕೇ ನಿಲ್ಲಿಸಿ, ಗೊತ್ತಿಲ್ಲ ಎಂದು ಬರಿಗೈ ಬಿಡಿಸಿ ತೋರಿಸಿದ. ಮತ್ತೆ ಮತ್ತೆ ಅದನ್ನೇ ಮಾಡಿದ. ಊರು ಮುಟ್ಟುವಷ್ಟರಲ್ಲಿ ನನ್ನ ಗಂಟಲು ಕಟ್ಟಿಹೋಗಿತ್ತು.

ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ಹೊಗ್ಲಾ ಆಮೇಲೆ ಎಷ್ಟೋ ಸಲ ಹೇಳಿದಳು. ನಿನಗಾಗಿ ದನಿಯನ್ನೇ ಬಿಟ್ಟನಲ್ಲ ಎಂದಳು. ಕೆಲವು ದಿನ ನನಗೂ ಹಾಗನ್ನಿಸುತ್ತಿತ್ತು. ಇನ್ನು ಕೆಲವು ದಿನ, ತನ್ನ ಬಾಯಿ ಶುದ್ಧವಾಗಿಟ್ಟುಕೊಳ್ಳಲು ನನ್ನನ್ನು ಜೀವಮಾನವಿಡೀ ಒಬ್ಬಳೇ ಮಾತಾಡುವ ಹಾಗೆ ಮಾಡಿದ ಎಂದು ಹೊಟ್ಟೆ ಉರಿಯುತ್ತಿತ್ತು. ನಮಗೆ ಮತ್ತೆ ಮಕ್ಕಳಾಗಲಿಲ್ಲ. ಊರಿನಲ್ಲಿ ಮರದ ಚೂರು ಕಟ್ಟಿಕೊಂಡವನು ಅವನೊಬ್ಬನೇ ಉಳಿದ. ಹೊಸ ಮಕ್ಕಳಿಗೆ ಅದು ಏನೆಂದು ಗೊತ್ತಿರಲಿಲ್ಲ. ಹಿಂದೆ ಬಂದು ಅಣಕಿಸಿ ಓಡುತ್ತಿದ್ದರು. ಬಾಗಿಲಿಗೆ ಬಂದವರಿಗೆ ಅವನ ಪಾಲಿನ ಉತ್ತರವನ್ನೂ ನಾನೇ ಕೊಡುತ್ತಿದ್ದೆ. ಮೊದಲು ಅವನ ಮುಖ ನೋಡಿ ಹೇಳುತ್ತಿದ್ದೆ. ಬರಬರುತ್ತ ನೋಡದೆಯೇ ಹೇಳತೊಡಗಿದೆ. ತಪ್ಪಾದರೆ ಮರದ ಚೂರು ಒಮ್ಮೆ ಬಡಿಯುತ್ತಿತ್ತು. ಬಡಿದದ್ದು ಕಡಿಮೆ.

ಹಬ್ಬಗಳಿಗೆ ಆ ಮನೆಗೆ ಎಲ್ಲರಂತೆ ನಾವೂ ಹೋಗುತ್ತಿದ್ದೆವು. ಬಡಗಣ ಗೋಡೆಯ ಕಡೆಗೆ ಮಾತ್ರ ಹೋಗುತ್ತಿರಲಿಲ್ಲ.

ಕಲ್ಲಿನ ದೂಳು ಕೊನೆಗೆ ಅವನ ಎದೆಯಲ್ಲಿ ಕೂತಿತು. ಗಣಿಯವರೆಲ್ಲ ಹಾಗೆಯೇ ಹೋಗುವುದು. ಮೊನ್ನೆಯ ಚಳಿಗಾಲದಲ್ಲಿ ಒಂದು ಮಧ್ಯಾಹ್ನ, ಬಾಗಿಲಿನಿಂದ ಬಿಸಿಲು ಅವನ ಕಾಲಿನ ತನಕ ಬಂದಿತ್ತು, ನಾನು ಅವನ ತುಟಿಗೆ ನೀರು ಹಚ್ಚುತ್ತಿದ್ದೆ. ಅವನು ನನ್ನ ಮಣಿಕಟ್ಟು ಹಿಡಿದುಕೊಂಡು ಹತ್ತಿರಕ್ಕೆಳೆದ. ಬಗ್ಗಿದೆ. ತುಟಿಗಳು ಅಲ್ಲಾಡಿದವು. ಒಂದೇ ಮಾತಲ್ಲ, ಬಹಳ ಮಾತು, ಒಂದರ ಹಿಂದೆ ಒಂದು, ನಿಧಾನವಾಗಿ. ಯಾವುದು ಯಾವ ಮಾತೆಂದು ನನಗೆ ಗುರುತು ಸಿಗಲಿಲ್ಲ. ನನ್ನ ಕಿವಿಗೆ ಬೆಚ್ಚಗಿನ ಉಸಿರು ಮಾತ್ರ ತಾಗುತ್ತಿತ್ತು. ಮುಗಿಯುವವರೆಗೂ ಬಗ್ಗಿಕೊಂಡೇ ಇದ್ದೆ. ಮುಗಿದ ಮೇಲೆ ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಕೇಳಿಸ್ತು" ಎಂದೆ.